ದುಡ್ಡು ಕೊಟ್ಟವರು ನಾವು, ಬೀಗದ ಕೈ ಅವರ ಬಳಿ!

(ಯುವಕರ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಕನ್ನಡದ ವೇದಿಕೆ ಹತ್ತಿ ವಿಡಿಯೋ ಗೇಮ್ ಯಂತ್ರದ ಮಾತಾಡುತ್ತಾನಲ್ಲ, ಇವನಿಗೆ ಬೇರೆ ವಿಷಯ ಸಿಗಲಿಲ್ಲವೇ ಎಂದು ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದ್ದು ಕಿವಿಗೆ ಬಿತ್ತು. ಗೊಣಗಿ, ಪರವಾಗಿಲ್ಲ. ಅರ್ಧ ಗಂಟೆ ಸಹಿಸಿಕೊಳ್ಳಿ. ನಿಮ್ಮಲ್ಲಿ ಎಷ್ಟೋ ಜನ ಮೊಬೈಲ್ ರಿಪೇರಿ, ಕಂಪ್ಯೂಟರ್ ರಿಪೇರಿ ಮಾಡಿಯೇ ಹೊಟ್ಟೆ ಹೊರೆಯುತ್ತಿದ್ದೀರಿ. ಎಷ್ಟೋ ಜನರ ಮನೆಯಲ್ಲಿ ಪ್ಲೇಸ್ಟೇಷನ್ ಇದೆ. ಅದರಲ್ಲಿ ಎಷ್ಟರ ಹೊಟ್ಟೆ ಬಗೆದು ಒಳಗೆ ಚಿಪ್ ಕೂರಿಸಿದ್ದೀರಿ ಎಂದು ನಾನು ಕೇಳುವುದಿಲ್ಲ. ನಗಬೇಡಿ. ಮಾತು ಬರುವುದು ಅಲ್ಲಿಗೇ.

ನೀವು ಬೆವರು ಸುರಿಸಿ ದುಡಿದ ದುಡ್ಡು ಕೊಟ್ಟು ಒಂದು ಪೆಟ್ಟಿಗೆ ತಂದಿರಿ. ರಸೀದಿ ನಿಮ್ಮ ಹೆಸರಿನಲ್ಲಿದೆ. ಅದನ್ನು ನೀವೇ ಬಿಚ್ಚಿ, ಒಳಗಿನ ಬೀಗ ತೆಗೆದರೆ ಅದು ಅಪರಾಧವೇ? ತೆಗೆದವನ ಮೇಲೆ ಕಂಪನಿ ಕೇಸು ಹಾಕಬಹುದೇ? ಕೇಸು ಯಾರು ಯಾರ ಮೇಲೆ ಬೇಕಾದರೂ ಹಾಕಬಹುದು, ಸ್ವಾಮಿ. ಗೆಲ್ಲುತ್ತಾರೋ ಇಲ್ಲವೋ ಎಂಬುದು ಬೇರೆ ಮಾತು. ತೀರ್ಪು ಬರುವ ಮೊದಲೇ ಎದುರಾಳಿಯನ್ನು ಮಣಿಸಿಬಿಟ್ಟರೆ ಏನಾಗುತ್ತದೆ ಎಂಬುದು ಮೂರನೆಯ ಮಾತು. ನಾನು ಹೇಳಲು ಬಂದಿರುವುದು ಈ ಮೂರನೆಯದನ್ನು.

ಜಾರ್ಜ್ ಹಾಟ್ಸ್ ಎಂಬ ಅಮೆರಿಕದ ಹುಡುಗನ ಹೆಸರು ನಿಮ್ಮಲ್ಲಿ ಕೆಲವರು ಕೇಳಿರಬಹುದು. 2007ರಲ್ಲಿ, ಇನ್ನೂ ಹದಿನೇಳು ವರ್ಷದವನಿದ್ದಾಗಲೇ, ಐಫೋನಿನ ಬೀಗ ತೆಗೆದು ಬೇರೆ ಮೊಬೈಲ್ ಕಂಪನಿಯ ಸಿಮ್ ಅದರಲ್ಲಿ ಓಡಿಸಿ ತೋರಿಸಿದವನು. ಆಮೇಲೆ ಆತನ ಕಣ್ಣು ಬಿದ್ದದ್ದು ಸೋನಿಯ ಪ್ಲೇಸ್ಟೇಷನ್ 3ರ ಮೇಲೆ.

ಈ ಯಂತ್ರದ ಕತೆ ಸ್ವಲ್ಪ ವಿವರವಾಗಿ ಹೇಳಬೇಕು. 2006ರಲ್ಲಿ ಅದನ್ನು ಮಾರುಕಟ್ಟೆಗೆ ಬಿಟ್ಟಾಗ ಸೋನಿಯೇ ಅದರಲ್ಲಿ ಒಂದು ಸೌಲಭ್ಯ ಕೊಟ್ಟಿತ್ತು: ಬೇಕಾದವರು ಅದರೊಳಗೆ ಲಿನಕ್ಸ್ ಹಾಕಿಕೊಂಡು ಕಂಪ್ಯೂಟರಿನ ಹಾಗೆ ಬಳಸಬಹುದು. ಗೇಮ್ ಆಡುವವರಿಗಿಂತ ಹೆಚ್ಚಾಗಿ ವಿಜ್ಞಾನಿಗಳು ಇದಕ್ಕೆ ಮರುಳಾದರು. ಅಮೆರಿಕದ ವಾಯುಪಡೆಯ ಸಂಶೋಧನಾಲಯ 1,700ಕ್ಕೂ ಹೆಚ್ಚು ಪ್ಲೇಸ್ಟೇಷನ್‌ಗಳನ್ನು ಒಂದಕ್ಕೊಂದು ಜೋಡಿಸಿ ಸೂಪರ್ ಕಂಪ್ಯೂಟರನ್ನೇ ಕಟ್ಟಿತು. 2010ರ ಜನವರಿಯಲ್ಲಿ ಹಾಟ್ಸ್ ಇದೇ ಲಿನಕ್ಸ್ ಬಾಗಿಲಿನಿಂದ ಒಳಹೊಕ್ಕು ಯಂತ್ರದ ಒಳಕೋಣೆಯವರೆಗೂ ಹೋದೆನೆಂದು ಘೋಷಿಸಿದ. ಸೋನಿ ಏನು ಮಾಡಿತು? ಅದೇ ವರ್ಷ ಏಪ್ರಿಲ್ 1ರಂದು ಒಂದು ಅಪ್‌ಡೇಟ್ ಕಳಿಸಿ ಲಿನಕ್ಸ್ ಸೌಲಭ್ಯವನ್ನೇ ಕಿತ್ತುಹಾಕಿತು. ಜನರನ್ನು ಏಪ್ರಿಲ್ ಫೂಲ್ ಮಾಡಲು ಅದಕ್ಕಿಂತ ಒಳ್ಳೆಯ ದಿನ ಸಿಗಲಿಲ್ಲವೇನೋ. ಅಪ್‌ಡೇಟ್ ಹಾಕಿಕೊಂಡರೆ ಲಿನಕ್ಸ್ ಹೋಯಿತು. ಹಾಕಿಕೊಳ್ಳದಿದ್ದರೆ ಆನ್‌ಲೈನ್ ಆಟ ಹೋಯಿತು, ಹೊಸ ಗೇಮುಗಳೂ ಓಡುವುದಿಲ್ಲ.

ಮನೆ ಮಾರಿದವನು ನಾಲ್ಕು ವರ್ಷದ ಮೇಲೆ ಬಂದು ಹಿತ್ತಲ ಬಾಗಿಲು ಕಿತ್ತುಕೊಂಡು ಹೋದ ಹಾಗೆ. ನಮ್ಮೂರಲ್ಲಾದರೆ ಅಂಥವನನ್ನು ಸುಮ್ಮನೆ ಬಿಡುತ್ತಿದ್ದರೇ?

ಅಲ್ಲೂ ಬಿಡಲಿಲ್ಲ. ಗಿರಾಕಿಗಳು ಸೇರಿ ಸೋನಿಯ ಮೇಲೆ ದಾವೆ ಹೂಡಿದರು. ಅದು ತಳ್ಳಿಹೋಗಿ, ಮೇಲಿನ ಕೋರ್ಟಿನಲ್ಲಿ ಮತ್ತೆ ಜೀವ ಪಡೆದು, ಎಳೆದಾಡಿ, ಕೊನೆಗೆ 2018ರಲ್ಲಿ ರಾಜಿಯಾಯಿತು. ಒಬ್ಬೊಬ್ಬರಿಗೆ ಸಿಗುವುದು ಹೆಚ್ಚೆಂದರೆ 65 ಡಾಲರ್. ಎಂಟು ವರ್ಷ! ಗಿರಾಕಿ ಕಂಪನಿಯ ಮೇಲೆ ಹೋದರೆ ನ್ಯಾಯ ಎತ್ತಿನ ಗಾಡಿಯಲ್ಲಿ ಬರುತ್ತದೆ. ಕಂಪನಿ ಗಿರಾಕಿಯ ಮೇಲೆ ಹೋದರೆ ಎಷ್ಟು ಬೇಗ ಬರುತ್ತದೆ, ನೋಡಿ.

2010ರ ಡಿಸೆಂಬರ್ ಕೊನೆಯಲ್ಲಿ ಬರ್ಲಿನ್ನಿನಲ್ಲಿ ಹ್ಯಾಕರುಗಳ ವಾರ್ಷಿಕ ಸಮಾವೇಶ ನಡೆಯಿತು. ಫೇಲ್‌ಓವರ್‌ಫ್ಲೋ ಎಂಬ ತಂಡ ವೇದಿಕೆ ಹತ್ತಿ ಪ್ಲೇಸ್ಟೇಷನ್ 3ರ ಬೀಗ ಎಷ್ಟು ಪೊಳ್ಳು ಎಂದು ಬಿಡಿಸಿ ತೋರಿಸಿತು. ಈ ಯಂತ್ರ ಯಾವ ಪ್ರೋಗ್ರಾಮನ್ನೇ ಓಡಿಸುವ ಮೊದಲು ಅದಕ್ಕೆ ಕಂಪನಿಯ ರಹಸ್ಯ ಸಹಿ ಇದೆಯೇ ಎಂದು ನೋಡುತ್ತದೆ. ಸಹಿ ಇಲ್ಲವೆಂದರೆ ಓಡಿಸುವುದಿಲ್ಲ. ನಮಗೆ ಇದರ ಬಿಸಿ ಹೇಗೆ ತಟ್ಟುತ್ತದೆ ಎಂದರೆ, ನಾಳೆ ನಿಮ್ಮಲ್ಲೊಬ್ಬ ಚೌಕಾಬಾರವನ್ನು ಅಚ್ಚ ಕನ್ನಡದಲ್ಲಿ ಗೇಮ್ ಮಾಡಿದ ಎನ್ನಿ. ಅಕ್ಷರ ಕನ್ನಡದ್ದು, ಧ್ವನಿ ಕನ್ನಡದ್ದು, ಶ್ರಮ ಅವನದೇ. ಅದನ್ನು ತನ್ನ ಸ್ವಂತ ಪ್ಲೇಸ್ಟೇಷನ್ನಿನಲ್ಲಿ, ತನ್ನ ಸ್ವಂತ ಟಿವಿಯಲ್ಲಿ ಓಡಿಸಲು ಅವನಿಗೆ ಸೋನಿಯ ಅಪ್ಪಣೆ ಬೇಕು. ಯಾರ ಗೇಮನ್ನೂ ಕದಿಯದವನಿಗೂ ಬೀಗ ಅಡ್ಡ ಬರುತ್ತದೆ.

ಆ ಸಹಿ ಹಾಕುವಾಗ ಪ್ರತಿ ಸಲವೂ ಹೊಸದೊಂದು ಸಂಖ್ಯೆಯನ್ನು ಗುಟ್ಟಾಗಿ ಆರಿಸಿ ಲೆಕ್ಕಕ್ಕೆ ಸೇರಿಸಬೇಕು. ಈ ವಿದ್ಯೆಯ ಮೊದಲ ಪಾಠವೇ ಅದು. ಸೋನಿಯ ಜಾಣರು ಎಲ್ಲ ಸಹಿಗಳಿಗೂ ಒಂದೇ ಸಂಖ್ಯೆ ಬಳಸಿದ್ದರು. ಎರಡು ಸಹಿ ಪಕ್ಕಪಕ್ಕದಲ್ಲಿ ಇಟ್ಟರೆ ಎರಡು ಸಮೀಕರಣ, ಎರಡು ಅಜ್ಞಾತ ಸಂಖ್ಯೆ. ಬಿಡಿಸಿದರೆ ರಹಸ್ಯ ಕೀಲಿ ಕೈಗೆ ಬರುತ್ತದೆ! ಪಿಯುಸಿ ಓದಿದವನಿಗೂ ತಲೆಗೆ ಹತ್ತುವ ಬೀಜಗಣಿತ. ಲಿನಕ್ಸ್ ಕಿತ್ತುಕೊಂಡದ್ದೇ ತಾವು ಈ ಕೆಲಸಕ್ಕೆ ಇಳಿಯಲು ಕಾರಣ ಎಂದು ಆ ತಂಡ ಅಲ್ಲೇ ಹೇಳಿತು. ಕೆಲವೇ ದಿನಗಳಲ್ಲಿ, 2011ರ ಜನವರಿ ಮೊದಲ ವಾರ, ಹಾಟ್ಸ್ ಇನ್ನೂ ಒಳಗಿನ ಬೀಗದ ಕೀಲಿಯನ್ನು ತೆಗೆದು ತನ್ನ ವೆಬ್‌ಸೈಟಿನಲ್ಲಿ ಹಾಕಿಬಿಟ್ಟ. ಕೀಲಿ ಎಂದರೆ ಬರೀ ಒಂದು ಸಂಖ್ಯೆ.

ಜನವರಿ 11ಕ್ಕೆ ಕೇಸು ಬಿತ್ತು. ಹಾಟ್ಸ್ ಇದ್ದದ್ದು ಅಮೆರಿಕದ ಪೂರ್ವದ ಅಂಚಿನ ನ್ಯೂಜೆರ್ಸಿಯಲ್ಲಿ. ಕೇಸು ಹಾಕಿದ್ದು ಪಶ್ಚಿಮದ ಅಂಚಿನ ಕ್ಯಾಲಿಫೋರ್ನಿಯಾದಲ್ಲಿ. ಆರೋಪಗಳ ಪಟ್ಟಿ ಮದುವೆ ಸಾಮಾನಿನ ಪಟ್ಟಿಯಷ್ಟು ಉದ್ದ: ಡಿಜಿಟಲ್ ಬೀಗ ಮುರಿದದ್ದು, ಕೃತಿಸ್ವಾಮ್ಯ ಉಲ್ಲಂಘನೆ, ಒಪ್ಪಂದ ಮುರಿದದ್ದು, ಇತ್ಯಾದಿ. ಇದರಲ್ಲಿ ಒಂದನ್ನು ನೆನಪಿಟ್ಟುಕೊಳ್ಳಿ: ಅನುಮತಿ ಇಲ್ಲದೆ ಕಂಪ್ಯೂಟರಿನೊಳಗೆ ನುಗ್ಗಿದ ಅಪರಾಧ. ಯಾರ ಕಂಪ್ಯೂಟರ್? ಅವನೇ ಅಂಗಡಿಯಲ್ಲಿ ಕೊಂಡದ್ದು! ತನ್ನ ಮನೆಗೆ ತಾನೇ ಕನ್ನ ಹಾಕಿದ ಕಳ್ಳ ಎಂದು ಕೋರ್ಟಿನಲ್ಲಿ ವಾದ.

ಜನವರಿ 27ಕ್ಕೆ ನ್ಯಾಯಾಧೀಶೆ ಸೂಸನ್ ಇಲ್‌ಸ್ಟನ್ ತಾತ್ಕಾಲಿಕ ತಡೆಯಾಜ್ಞೆ ಕೊಟ್ಟರು. ಹುಡುಗ ತನ್ನ ಕಂಪ್ಯೂಟರು, ಹಾರ್ಡ್ ಡಿಸ್ಕುಗಳನ್ನು ಒಪ್ಪಿಸಬೇಕೆಂದಾಯಿತು. ಮಾರ್ಚ್‌ನಲ್ಲಿ, ಆತನ ವೆಬ್‌ಸೈಟಿಗೆ ಭೇಟಿ ಕೊಟ್ಟವರ ಇಂಟರ್‌ನೆಟ್ ವಿಳಾಸಗಳನ್ನು ತರಿಸಿಕೊಳ್ಳಲು ಸೋನಿಗೆ ಇನ್ನೊಬ್ಬ ನ್ಯಾಯಾಧೀಶರ ಅನುಮತಿಯೂ ಸಿಕ್ಕಿತು. ಬರೀ ನೋಡಿದವರದು, ಗೆಳೆಯರೇ. ಪುಸ್ತಕ ಬರೆದವನ ಮೇಲೆ ಜಗಳ, ಗ್ರಂಥಾಲಯಕ್ಕೆ ಹೋದವರ ಪಟ್ಟಿ ಕೊಡಿ ಎಂಬ ಬೇಡಿಕೆ. ಇಂಥ ಕಾಲದಲ್ಲೂ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೇವಿಡ್ ಟುರೆಟ್ಸ್‌ಕಿ, ಇದು ವಾಕ್ ಸ್ವಾತಂತ್ರ್ಯದ ಪ್ರಶ್ನೆ ಎಂದು ಹಾಟ್ಸ್‌ನ ಪುಟಗಳ ನಕಲನ್ನು ತಮ್ಮ ಪುಟದಲ್ಲಿ ಹಾಕಿಕೊಂಡರು. ಬೆನ್ನುಮೂಳೆ ಇರುವ ಮೇಷ್ಟ್ರುಗಳು ಎಲ್ಲ ದೇಶದಲ್ಲೂ ಒಬ್ಬಿಬ್ಬರು ಇರುತ್ತಾರೆ.

ಕೊನೆಗೇನಾಯಿತು? ಮಾರ್ಚ್ 31ಕ್ಕೆ ರಾಜಿ. ಏಪ್ರಿಲ್ 11ಕ್ಕೆ ಪ್ರಕಟಣೆ. ಹಾಟ್ಸ್ ತಪ್ಪೊಪ್ಪಿಕೊಳ್ಳಲಿಲ್ಲ. ಆದರೆ ಇನ್ನು ಮುಂದೆ ಸೋನಿಯ ಯಾವ ಯಂತ್ರದ ಬೀಗವನ್ನೂ ಮುಟ್ಟುವುದಿಲ್ಲ ಎಂದು ಬರೆದುಕೊಟ್ಟ. ಮುಟ್ಟಿದರೆ ಒಂದೊಂದು ಸಲಕ್ಕೆ 10 ಸಾವಿರ ಡಾಲರ್, ಒಟ್ಟು ಎರಡೂವರೆ ಲಕ್ಷ ಡಾಲರಿನವರೆಗೆ. ಮೂರೇ ತಿಂಗಳಲ್ಲಿ ಎಲ್ಲ ಮುಗಿಯಿತು. ತನ್ನ ಯಂತ್ರವನ್ನು ತಾನು ಬಿಚ್ಚುವ ಹಕ್ಕು ಮನುಷ್ಯನಿಗಿದೆಯೇ ಎಂಬ ಪ್ರಶ್ನೆಗೆ ಆ ಕೋರ್ಟು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಪ್ರಶ್ನೆ ಅಲ್ಲೇ ಬಿತ್ತು. ಇಪ್ಪತ್ತೊಂದು ವರ್ಷದ ಹುಡುಗನೊಬ್ಬ ಸೋನಿಯಂಥ ಆನೆಯ ಎದುರು ಎಷ್ಟು ದಿನ ವಕೀಲರ ಫೀಸು ಕಟ್ಟಿಯಾನು?

ಅದೇ ಏಪ್ರಿಲ್‌ನಲ್ಲಿ ಸೋನಿಯ ಆನ್‌ಲೈನ್ ಜಾಲಕ್ಕೇ ಕನ್ನ ಬಿದ್ದು 7 ಕೋಟಿ 70 ಲಕ್ಷ ಖಾತೆಗಳ ಮಾಹಿತಿ ಬಯಲಾಯಿತು. ಹಾಟ್ಸ್‌ಗೆ ಅದರಲ್ಲಿ ಪಾಲಿರಲಿಲ್ಲ. ಆತ ಅದನ್ನು ಬಹಿರಂಗವಾಗಿ ಖಂಡಿಸಿದ. ಗಿರಾಕಿಗಳ ಮಾಹಿತಿ ಕಾಯದ ತಪ್ಪಿಗೆ ಬ್ರಿಟನ್ನಿನ ಅಧಿಕಾರಿಗಳು 2013ರಲ್ಲಿ ಸೋನಿಗೆ ಹಾಕಿದ ದಂಡ ಎರಡೂವರೆ ಲಕ್ಷ ಪೌಂಡ್. ಕೋಟಿಗಟ್ಟಲೆ ಜನರ ಮಾಹಿತಿಗೆ ಬ್ರಿಟನ್ನಿನಲ್ಲಿ ಆದ ದಂಡವೂ ಎರಡೂವರೆ ಲಕ್ಷ, ಒಬ್ಬ ಹುಡುಗನ ತಲೆಯ ಮೇಲೆ ತೂಗುಹಾಕಿದ ಕತ್ತಿಯೂ ಎರಡೂವರೆ ಲಕ್ಷ. ಅದು ಪೌಂಡು, ಇದು ಡಾಲರು, ಅಷ್ಟೇ ವ್ಯತ್ಯಾಸ.

ಇಲ್ಲಿ ಒಬ್ಬ ಜಾಣ ಕೇಳಬಹುದು: ಕೋರ್ಟಿಗೆ ಹೋದರೆ ಯಾವಾಗಲೂ ಕಂಪನಿಯೇ ಗೆಲ್ಲುತ್ತದೆಯೇ? ಇಲ್ಲವೇ ಇಲ್ಲ. ತೀರ್ಪಿನ ತನಕ ಗಟ್ಟಿಯಾಗಿ ನಿಂತವರು ಗೆದ್ದಿದ್ದಾರೆ. 1992ರಲ್ಲಿ ಅಕೊಲೇಡ್ ಎಂಬ ಸಣ್ಣ ಕಂಪನಿ ಸೆಗಾದ ಯಂತ್ರಕ್ಕೆ ತಾನೇ ಗೇಮ್ ಮಾಡಬೇಕೆಂದು ಸೆಗಾ ಪ್ರೋಗ್ರಾಮುಗಳನ್ನು ಬಿಡಿಬಿಡಿಯಾಗಿ ಬಿಚ್ಚಿ ಓದಿತು. ಕೆಳಗಿನ ಕೋರ್ಟು ತಡೆಯಿತು. ಒಂಬತ್ತನೇ ವಲಯದ ಮೇಲ್ಮನವಿ ನ್ಯಾಯಾಲಯ, ಹೊಂದಾಣಿಕೆಯ ಗುಟ್ಟು ತಿಳಿಯಲು ಬೇರೆ ದಾರಿ ಇಲ್ಲದಾಗ ಹೀಗೆ ಬಿಚ್ಚುವುದು ನ್ಯಾಯವಾದ ಬಳಕೆ ಎಂದಿತು. ಅದೇ ವರ್ಷ ಅದೇ ನ್ಯಾಯಾಲಯ, ನಿಂಟೆಂಡೋ ಗೇಮಿನಲ್ಲಿ ಜೀವ ಹೆಚ್ಚಿಸಿಕೊಳ್ಳುವ ಗೇಮ್ ಜೀನಿ ಎಂಬ ಸಾಧನವನ್ನೂ ಎತ್ತಿಹಿಡಿಯಿತು. ಅದರ ಮಾರಾಟವನ್ನು ಸುಮ್ಮನೆ ತಡೆಹಿಡಿಸಿದ್ದಕ್ಕೆ ನಿಂಟೆಂಡೋ ಒಂದೂವರೆ ಕೋಟಿ ಡಾಲರ್ ಕಕ್ಕಬೇಕಾಯಿತು. 2000ದಲ್ಲಿ ಪ್ಲೇಸ್ಟೇಷನ್ ಗೇಮುಗಳನ್ನು ಕಂಪ್ಯೂಟರಿನಲ್ಲೇ ಆಡಿಸುವ ಸಾಫ್ಟ್‌ವೇರ್ ಮಾಡಿದ ಕನೆಕ್ಟಿಕ್ಸ್ ಕೂಡ ಸೋನಿಯ ವಿರುದ್ಧ ಗೆದ್ದಿತು. ಸೋತ ಸೋನಿ ಮರುವರ್ಷ ಆ ಸಾಫ್ಟ್‌ವೇರನ್ನೇ ಕೊಂಡುಕೊಂಡು ಮೂಲೆಗೆ ಎಸೆಯಿತು. ಇಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಮಾಡಿದ ಬ್ಲೀಮ್ ಎಂಬ ಕಂಪನಿ ಕೋರ್ಟಿನಲ್ಲಿ ಸೋನಿಗೆ ಮಣಿಯಲಿಲ್ಲ, ಕೋರ್ಟಿನ ಖರ್ಚಿಗೆ ಮಣಿದು 2001ರಲ್ಲಿ ಬಾಗಿಲು ಹಾಕಿತು.

ಆಟದ ನಿಯಮವೇ ಬದಲಾದದ್ದು 1998ರಲ್ಲಿ. ಆ ವರ್ಷದ ಅಮೆರಿಕದ ಕಾನೂನು, ಡಿಎಂಸಿಎ ಎನ್ನುತ್ತಾರೆ, ಬೀಗ ಮುರಿಯುವುದನ್ನೇ ಪ್ರತ್ಯೇಕ ತಪ್ಪು ಮಾಡಿತು. ಮೊದಲು ಕೋರ್ಟು ಕೇಳುತ್ತಿದ್ದದ್ದು: ನೀನು ಏನನ್ನು ಕದ್ದೆ? ಈಗ ಕೇಳುವುದು: ಬೀಗ ಮುರಿದೆಯಾ? ಮುರಿಯುವ ಸಲಕರಣೆ ಹಂಚಿದೆಯಾ? ಲಾಭಕ್ಕಾಗಿ ಮಾಡಿದರೆ ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲು. ಮೂರು ವರ್ಷಕ್ಕೊಮ್ಮೆ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದ ಮುಖ್ಯಸ್ಥರು ಕೆಲವು ವಿನಾಯಿತಿ ಪ್ರಕಟಿಸುತ್ತಾರೆ. ಮೊಬೈಲ್ ಫೋನಿಗೆ 2010ರಲ್ಲೇ ಸಿಕ್ಕಿತು. ಗೇಮ್ ಯಂತ್ರಕ್ಕೆ 2012ರಲ್ಲಿ ಕೇಳಿದರು, ಕೊಡಲಿಲ್ಲ. 2021ರಲ್ಲಿ ರಿಪೇರಿಗೆ ಸಿಕ್ಕಿದ್ದು ಡಿಸ್ಕ್ ಡ್ರೈವ್ ಬದಲಿಸುವಷ್ಟು ಮಾತ್ರ. ಒಂದೇ ಅಂಗಡಿಯಲ್ಲಿ ಕೊಂಡ ಫೋನನ್ನು ಬಿಚ್ಚಬಹುದು, ಗೇಮ್ ಪೆಟ್ಟಿಗೆಯನ್ನು ಬಿಚ್ಚಬಾರದು. ಇದ್ಯಾವ ನ್ಯಾಯ?

ಆಸ್ಟ್ರೇಲಿಯಾದ ಕತೆಯೂ ಹೀಗೆಯೇ. ಸಿಡ್ನಿಯಲ್ಲಿ ಪ್ಲೇಸ್ಟೇಷನ್‌ಗೆ ಚಿಪ್ ಹಾಕಿಕೊಡುತ್ತಿದ್ದ ಸ್ಟೀವನ್ಸ್ ಎಂಬಾತನ ಮೇಲೆ ಸೋನಿ ಹೋಯಿತು. 2005ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ ಸೋನಿಯ ವಾದವನ್ನು ಒಪ್ಪಲಿಲ್ಲ. ಈ ಬೀಗ ನಕಲು ಮಾಡುವುದನ್ನು ತಡೆಯುವುದೇ ಇಲ್ಲ, ನಕಲಾದ ಮೇಲೆ ಆಡುವುದನ್ನು ತಡೆಯುತ್ತದೆ ಅಷ್ಟೇ, ಹಾಗಾಗಿ ಇದು ಕಾನೂನು ಹೇಳುವ ಬೀಗವೇ ಅಲ್ಲ ಎಂದಿತು. ಮರುವರ್ಷ, ಅಮೆರಿಕದ ಜೊತೆ ಆದ ವ್ಯಾಪಾರ ಒಪ್ಪಂದಕ್ಕೆ ತಕ್ಕಂತೆ, ಆ ದೇಶದ ಕಾನೂನನ್ನೇ ತಿದ್ದಿದರು. ಈ ಮಾತು ನೆನಪಿರಲಿ, ನಮ್ಮ ದೇಶಕ್ಕೂ ಅಂಥ ಒಪ್ಪಂದಗಳು ಮನೆ ಬಾಗಿಲಿಗೆ ಬರುತ್ತವೆ.

ಹಾಗಂತ ಬೀಗ ಮುರಿದವರೆಲ್ಲ ಹುತಾತ್ಮರು ಎಂದು ನಾನು ಹೇಳುವುದಿಲ್ಲ. ಗ್ಯಾರಿ ಬೌಸರ್ ಎಂಬ ಕೆನಡಾದವನ ಕತೆ ಕೇಳಿ. (ಮಾರಿಯೋ ಗೇಮಿನ ಖಳನಾಯಕನ ಹೆಸರೂ ಬೌಸರ್. ಕಾಕತಾಳೀಯ.) ಆತ ಇದ್ದ ಗುಂಪು ನಿಂಟೆಂಡೋ ಸ್ವಿಚ್‌ನಲ್ಲಿ ಕದ್ದ ಗೇಮ್ ಆಡಿಸುವ ಸಲಕರಣೆಯನ್ನು ಜಗತ್ತಿಗೆಲ್ಲ ಮಾರುತ್ತಿತ್ತು. 2020ರಲ್ಲಿ ಬಂಧನ, 2022ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ 40 ತಿಂಗಳ ಜೈಲು ಶಿಕ್ಷೆ. ನಿಂಟೆಂಡೋಗೆ ಕೊಡಬೇಕಾದ ಪರಿಹಾರ ಕ್ರಿಮಿನಲ್ ಕೇಸಿನಲ್ಲಿ 45 ಲಕ್ಷ ಡಾಲರ್, ಸಿವಿಲ್ ದಾವೆಯಲ್ಲಿ 1 ಕೋಟಿ ಡಾಲರ್. ಏಳು ವರ್ಷದಲ್ಲಿ ಆತ ಸಂಪಾದಿಸಿದ್ದು ಸುಮಾರು 3 ಲಕ್ಷ 20 ಸಾವಿರ ಡಾಲರ್. ದಂಡದ ಮೊತ್ತ ಮನುಷ್ಯನ ಆಯುಷ್ಯಕ್ಕಿಂತ ಉದ್ದ ಎಂಬುದು ನಿಜ, ಅದನ್ನು ನಾನು ಒಪ್ಪುವುದಿಲ್ಲ. ಆದರೆ ಆತ ಮಾಡುತ್ತಿದ್ದದ್ದು ತನ್ನ ಪೆಟ್ಟಿಗೆ ಬಿಚ್ಚುವುದಲ್ಲ, ಇನ್ನೊಬ್ಬರ ಬೆಳೆ ಕೊಯ್ಯುವ ಕುಡುಗೋಲು ಮಾರುವ ವ್ಯಾಪಾರ. ಕಂಪನಿಗಳು ಯಂತ್ರವನ್ನು ಅಗ್ಗಕ್ಕೆ ಕೊಟ್ಟು ಗೇಮುಗಳಲ್ಲಿ ದುಡ್ಡು ಮಾಡುತ್ತವೆ. ಪ್ಲೇಸ್ಟೇಷನ್ 3 ಬಂದ ಹೊಸದರಲ್ಲಿ ತಯಾರಿಕೆ ಖರ್ಚಿಗಿಂತ ಕಡಿಮೆ ಬೆಲೆಗೆ ಮಾರಾಟವಾಗುತ್ತಿತ್ತು. ಆ ಲೆಕ್ಕಾಚಾರ ಅವರದು, ಅದರ ನಷ್ಟ ನಮ್ಮ ಹೊಣೆ ಅಲ್ಲ. ಆದರೆ ಗೇಮ್ ಬರೆದವರ ಅನ್ನ ಬೇರೆ ವಿಷಯ. ಬೆಂಗಳೂರಿನಲ್ಲೇ ಆ ಕೆಲಸ ಮಾಡುವ ನಮ್ಮ ಹುಡುಗ ಹುಡುಗಿಯರಿದ್ದಾರೆ. ಕನ್ನಡ ಸಿನಿಮಾದ ಕಳ್ಳ ಸಿಡಿ ಕಂಡರೆ ಕೆಂಡವಾಗುವ ನಾವು ಕಳ್ಳ ಗೇಮ್ ಮಾರುವವನಿಗೆ ಜೈ ಅನ್ನಲಾಗದು.

ಇನ್ನು ನಮ್ಮ ದೇಶಕ್ಕೆ ಬರೋಣ. ಇದುವರೆಗೆ ಹೇಳಿದ್ದು ಊರ ಹೊರಗಿನ ಸುದ್ದಿ, ಇನ್ನು ಮುಂದಿನದು ಮನೆಯದು. ಪೆನ್ನಿದ್ದವರು ಬರೆದುಕೊಳ್ಳಿ.

ನಮ್ಮಲ್ಲಿರುವುದು 1957ರ ಕೃತಿಸ್ವಾಮ್ಯ ಕಾಯ್ದೆ. 2012ರಲ್ಲಿ ತಿದ್ದುಪಡಿ ಮಾಡಿ 65ಎ ಎಂಬ ಕಲಂ ಸೇರಿಸಿದರು. ತಾಂತ್ರಿಕ ಬೀಗ ಮುರಿದವನಿಗೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ಅಷ್ಟು ಕೇಳಿ ಹೆದರಬೇಡಿ. ಆ ಕಲಮಿನಲ್ಲಿ ಒಂದು ಮಾತಿದೆ, ಇಡೀ ಕಲಮಿನ ಜೀವ ಇರುವುದೇ ಅದರಲ್ಲಿ: ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಮುರಿದರೆ ಮಾತ್ರ ಅಪರಾಧ. ಬೀಗ ಮುರಿದೆಯಾ ಎಂಬ ಪ್ರಶ್ನೆ ಅಲ್ಲಿಗೇ ನಿಲ್ಲುವುದಿಲ್ಲ, ಯಾಕೆ ಮುರಿದೆ ಎಂದೂ ಕೇಳಬೇಕು. ಅಮೆರಿಕದ ಹುಡುಗನಿಗೆ ಸಿಗದ ಆಸರೆ ಇದು. ನಮ್ಮ ಸಂಸತ್ತನ್ನು ನಾವು ದಿನಾ ಬೈಯುತ್ತೇವೆ, ಈ ಒಂದು ಮಾತಿಗೆ ಬೆನ್ನು ತಟ್ಟೋಣ.

ಅದೇ ಕಲಮಿನ ಎರಡನೇ ಭಾಗ, ಕಾಯ್ದೆ ಸ್ಪಷ್ಟವಾಗಿ ನಿಷೇಧಿಸದ ಕೆಲಸಕ್ಕಾಗಿ ಬೀಗ ತೆಗೆದರೆ ತಪ್ಪಿಲ್ಲ ಎನ್ನುತ್ತದೆ. ಗೂಢಲಿಪಿ ಸಂಶೋಧನೆಗೂ ವಿನಾಯಿತಿ ಇದೆ. ಇನ್ನು 52ನೇ ಕಲಂ: ನ್ಯಾಯವಾಗಿ ಕೊಂಡ ಪ್ರೋಗ್ರಾಮಿಗೆ ಕೆಟ್ಟುಹೋದೀತೆಂದು ಒಂದು ಪ್ರತಿ ಮಾಡಿಟ್ಟುಕೊಳ್ಳಬಹುದು. ಅದು ಹೇಗೆ ಕೆಲಸ ಮಾಡುತ್ತದೆಂದು ಗಮನಿಸಿ ಅಭ್ಯಾಸ ಮಾಡಬಹುದು. ನೀವು ಸ್ವತಂತ್ರವಾಗಿ ಬರೆದ ಪ್ರೋಗ್ರಾಮು ಅದರ ಜೊತೆ ಹೊಂದಿಕೊಳ್ಳಲು ಬೇಕಾದ ಮಾಹಿತಿ ಬೇರೆ ಕಡೆ ಸುಲಭವಾಗಿ ಸಿಗದಿದ್ದರೆ, ಅದನ್ನು ಪಡೆಯಲು ಅಗತ್ಯವಾದದ್ದನ್ನು ಮಾಡಬಹುದು. ಚೌಕಾಬಾರ ಮಾಡಿದ ನಮ್ಮ ಹುಡುಗನ ನೆಲ ಇದು. ಆದರೆ ಬೇರೆಯವರ ಗೇಮನ್ನೇ ಕನ್ನಡಕ್ಕೆ ತಿರುಗಿಸಿ ಹಂಚುತ್ತೇನೆಂದರೆ ಅನುವಾದದ ಹಕ್ಕು ಒಡೆಯರದು, ಅವರನ್ನು ಕೇಳಲೇಬೇಕು. ಕನ್ನಡದ ಕೆಲಸ ಎಂಬ ಕಾರಣಕ್ಕೆ ಕಾನೂನು ಕಣ್ಣು ಮುಚ್ಚುವುದಿಲ್ಲ.

ಚಿಪ್ ಹಾಕಿ ಕೊಡುವ ಅಂಗಡಿಯವರಿಗೆ ಎರಡು ಮಾತು. ಬೀಗ ಮುರಿಯುವ ಸಲಕರಣೆ ಮಾರಿದ್ದಕ್ಕೇ ಶಿಕ್ಷೆ ಎನ್ನುವ ಅಮೆರಿಕದಂಥ ಪ್ರತ್ಯೇಕ ಕಲಂ ನಮ್ಮ ಕಾಯ್ದೆಯಲ್ಲಿಲ್ಲ. ಅದನ್ನು ನಂಬಿ ಕೂರಬೇಡಿ. 63ನೇ ಕಲಂ ಉಲ್ಲಂಘನೆಗೆ ಕುಮ್ಮಕ್ಕು ಕೊಟ್ಟವನನ್ನೂ ಹಿಡಿಯುತ್ತದೆ: ಆರು ತಿಂಗಳಿಂದ ಮೂರು ವರ್ಷ, 50 ಸಾವಿರದಿಂದ 2 ಲಕ್ಷ ರೂಪಾಯಿ. ಚಿಪ್ ಜೊತೆಗೆ ಐವತ್ತು ಗೇಮ್ ಫ್ರೀ ಎಂದು ಹಾರ್ಡ್ ಡಿಸ್ಕ್ ತುಂಬಿ ಕೊಟ್ಟರೆ ಉದ್ದೇಶ ಏನೆಂದು ಬೇರೆ ಸಾಕ್ಷಿ ಬೇಕಿಲ್ಲ. ಯಂತ್ರ ಬಿಚ್ಚಿದವನ ವಾರಂಟಿ ಹೋಗಬಹುದು, ಆನ್‌ಲೈನ್ ಖಾತೆಯನ್ನು ಕಂಪನಿ ಮುಚ್ಚಬಹುದು. ಮೊದಲ ದಿನ ಇಂಗ್ಲಿಷಿನಲ್ಲಿ ಮಾರುದ್ದ ಷರತ್ತು ಬಂದಾಗ ಓದದೆ ಒಪ್ಪಿಗೆ ಒತ್ತಿದ್ದೀರಲ್ಲ, ಅದರಲ್ಲಿ ಇದೆಲ್ಲ ಬರೆದಿರುತ್ತದೆ. ನಮ್ಮ ಭಾಷೆಯಲ್ಲಿ ಕೊಡದ ಷರತ್ತಿಗೆ ನಮ್ಮ ಸಹಿ ಎಷ್ಟು ಗಟ್ಟಿ ಎಂಬುದು ಇನ್ನೊಂದು ದಿನದ ಭಾಷಣ.

ಹೆಚ್ಚು ಜನರಿಗೆ ಗೊತ್ತಿಲ್ಲದ ಒಂದು ಕಟ್ಟಳೆ ಹೇಳಿ ಮುಗಿಸುತ್ತೇನೆ. ಗಿರಾಕಿಯ ನ್ಯಾಯವಾದ ಕೆಲಸಕ್ಕೆ ನೀವು ಬೀಗ ತೆಗೆದುಕೊಟ್ಟರೆ ಅದರ ಪೂರ್ತಿ ದಾಖಲೆ ಇಡಬೇಕೆಂದು 65ಎ ಹೇಳುತ್ತದೆ. ಗಿರಾಕಿಯ ಹೆಸರು, ವಿಳಾಸ, ಗುರುತು ಹಚ್ಚಲು ಬೇಕಾದ ವಿವರ, ಬೀಗ ತೆಗೆಸಿದ್ದು ಯಾತಕ್ಕೆ ಎಂಬ ಕಾರಣ. ರಿಪೇರಿ ಅಂಗಡಿ ಇಟ್ಟಿರುವ ಎಷ್ಟು ಜನರ ಹತ್ತಿರ ಇಂಥ ಪುಸ್ತಕವಿದೆ, ಕೈ ಎತ್ತಿ ನೋಡೋಣ. ಒಬ್ಬರೂ ಇಲ್ಲ. ನೂರಿನ್ನೂರು ಪುಟದ ಒಂದು ನೋಟ್‌ಬುಕ್ ಸಾಕು. ಕನ್ನಡದಲ್ಲೇ ಬರೆಯಿರಿ. ತಾರೀಕು ಹಾಕಿ, ಯಂತ್ರದ ನಂಬರು ಹಾಕಿ, ಗಿರಾಕಿಯಿಂದ ಸಹಿ ಮಾಡಿಸಿಕೊಳ್ಳಿ. ಕಾರಣ ಹೇಳಲು ಒಪ್ಪದವನ ಯಂತ್ರ ಮುಟ್ಟಬೇಡಿ. ಈಗ ಪ್ರಶ್ನೆಗಳಿದ್ದರೆ ಕೇಳಿ.